ಶೆಫ್‌ಗಳಿಗಾಗಿ ಬೆಳೆಯುವ ಮೂವತ್ತು ಗುಂಟೆ: ಮೂರನೆಯ ಹಂಗಾಮಿಗೆ ಏನನ್ನು ಉಳಿಸಲಿ, ಏನನ್ನು ಬಿಡಲಿ?

ಮಸಾರಿ ಹೊಲ, ಖಾನಾಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಜಾಂಬೋಟಿಯ ಸಮೀಪ ನಮ್ಮದು ಎರಡು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿ. ಅದರಲ್ಲಿ 50 ಗುಂಟೆ ಹಿಂದಿನಿಂದ ನಡೆದುಬಂದಂತೆ ಭತ್ತಕ್ಕೂ ಗೆಣಸಿಗೂ ಮೀಸಲು. ಅದನ್ನು ಮುಟ್ಟಲು ತಂದೆಯವರು ಬಿಡುವುದಿಲ್ಲ, ಬಿಡದಿರುವುದೇ ಒಳ್ಳೆಯದೆಂದು ಈಗ ನನಗೂ ಅನಿಸುತ್ತದೆ. ಉಳಿದ 30 ಗುಂಟೆಯಲ್ಲಿ ಕಳೆದ ಎರಡು ಹಂಗಾಮುಗಳಿಂದ ಗೋವಾದ ನಾಲ್ಕು ರೆಸ್ಟೋರೆಂಟುಗಳಿಗೂ ಬೆಳಗಾವಿಯ ಒಂದು ಹೋಟೆಲಿಗೂ ಲೆಟ್ಯೂಸ್, ರಾಕೆಟ್ ಸೊಪ್ಪು, ಬೇಸಿಲ್, ಚೆರ್ರಿ ಟೊಮ್ಯಾಟೊ ಮತ್ತು ಒಂದಿಷ್ಟು ತಿನ್ನುವ ಹೂಗಳನ್ನು ಬೆಳೆದು ಕೊಡುತ್ತಿದ್ದೇನೆ. ರಾಸಾಯನಿಕ ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಬಳಸುವುದಿಲ್ಲ.

ಈ ಕೆಲಸಕ್ಕೆ ಕೈಹಾಕಲು ಕಾರಣವಾದ ಲೆಕ್ಕ ಸರಳವಾಗಿತ್ತು. ಗೋವಾದಲ್ಲಿ ಪ್ರವಾಸಿಗರು ತುಂಬಿರುವುದು ಅಕ್ಟೋಬರಿನಿಂದ ಮಾರ್ಚಿನವರೆಗೆ. ಘಟ್ಟದ ಮೇಲಿರುವ ನಮಗೆ ಚಳಿ ಬೀಳುವುದೂ ಸರಿಸುಮಾರು ಅದೇ ತಿಂಗಳುಗಳಲ್ಲಿ. ಕರಾವಳಿಯ ಸೆಕೆಯಲ್ಲಿ ನೆಟ್ಟಗೆ ಬಾರದ ಲೆಟ್ಯೂಸ್ ನಮ್ಮಲ್ಲಿ ಡಿಸೆಂಬರಿನಲ್ಲಿ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಮಳೆಗಾಲ ಬಂತೆಂದರೆ ಅಲ್ಲಿ ಹಲವು ಅಡುಗೆಮನೆಗಳು ಬಾಗಿಲು ಹಾಕುತ್ತವೆ, ಇಲ್ಲಿ ಕಣಕುಂಬಿಯ ಕಡೆಯಿಂದ ಬರುವ ಮಳೆಗೆ ಸೊಪ್ಪಿನ ಮಡಿಗಳು ಕೊಳೆಯುತ್ತವೆ, ಚೋರ್ಲಾ ಘಟ್ಟದ ರಸ್ತೆಯನ್ನು ನಂಬುವ ಹಾಗಿರುವುದಿಲ್ಲ. ಬೇಡಿಕೆ, ಬೆಳೆ, ದಾರಿ ಮೂರೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುವ ವ್ಯಾಪಾರ ಇದಾದ್ದರಿಂದ, ಆರು ತಿಂಗಳು ದುಡಿದು ಆರು ತಿಂಗಳು ಭತ್ತ ನೋಡಿಕೊಂಡಿರಬಹುದೆಂದು ಎಣಿಸಿದ್ದೆ.

ಲೆಕ್ಕ ತಪ್ಪಿದ್ದು ಎಲೆಗಳ ಸ್ವಭಾವದಲ್ಲಿ. ಮೊದಲ ವರ್ಷದ ಜನವರಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಲೆಟ್ಯೂಸ್ ಎಷ್ಟು ತಣ್ಣಗಿದ್ದರೆ ಅಷ್ಟು ಚೆನ್ನಾಗಿ ಉಳಿಯುತ್ತದೆಂದು ಓದಿಕೊಂಡಿದ್ದ ನಾನು, ಲೆಟ್ಯೂಸ್ ಕಳುಹಿಸುವಂಥದ್ದೇ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಚೀಲಗಳ ಮೇಲೆ ಆರು ಕೆ.ಜಿ. ಬೇಸಿಲ್ ಜೋಡಿಸಿ ಕಳುಹಿಸಿದೆ. ಪೆಟ್ಟಿಗೆ ಪಣಜಿ ತಲುಪಿ ಮುಚ್ಚಳ ತೆಗೆದಾಗ ಮೇಲಿನ ಎಲೆಗಳು ಹಸಿರಾಗಿಯೇ ಇದ್ದವು, ತಳದವು ಎಣ್ಣೆಯಲ್ಲಿ ಅದ್ದಿದಂತೆ ಕಪ್ಪಾಗಿದ್ದವು. ಬೇಸಿಲ್ ನಮ್ಮ ತುಳಸಿಯ ಬಂಧು, 10–12 ಡಿಗ್ರಿಗಿಂತ ಕೆಳಗಿನ ಚಳಿಯನ್ನು ತಾಳುವುದಿಲ್ಲ ಎಂಬುದು ಆರು ಕೆ.ಜಿ. ಹಾಳಾದ ಮೇಲೆ ತಿಳಿಯಿತು. ಈಗ ಅದನ್ನು ಒದ್ದೆ ಕಾಗದದಲ್ಲಿ ಸುತ್ತಿ, ಮಂಜುಗಡ್ಡೆ ಇಲ್ಲದ ಬೇರೆ ಬುಟ್ಟಿಯಲ್ಲಿ ಕಳುಹಿಸುತ್ತೇನೆ.

ಫೆಬ್ರವರಿ ಕೊನೆಗೆ ಇನ್ನೊಂದು ತೊಡಕು. ಮಧ್ಯಾಹ್ನದ ಬಿಸಿಲು ಏರುತ್ತಿದ್ದಂತೆ ಲೆಟ್ಯೂಸ್ ಬೀಜ ಮೊಳೆಯುವುದನ್ನೇ ನಿಲ್ಲಿಸುತ್ತದೆ, ಮೊಳೆತ ಗಿಡ ಎಲೆ ಬಿಡುವುದರ ಬದಲು ದಂಟು ಎತ್ತಿ ಕಹಿಯಾಗುತ್ತದೆ. ಬೀಜವನ್ನು ಫ್ರಿಜ್ಜಿನಲ್ಲಿಟ್ಟು, ಸಂಜೆಯ ಹೊತ್ತು ಬಿತ್ತಿ, ಅರ್ಧ ಬಿಸಿಲು ತಡೆಯುವ ನೆರಳುಬಲೆ ಕಟ್ಟಿದರೂ ಹೆಚ್ಚೆಂದರೆ ಎರಡು ಮೂರು ವಾರ ಮುಂದೂಡಬಹುದು ಅಷ್ಟೆ. ಗೋವಾದವರು ಮಾತ್ರ ಮಾರ್ಚ್ ಮುಗಿಯುವವರೆಗೂ ಕೇಳುತ್ತಾರೆ.

ಇದೇ ಎಲೆಗಳನ್ನು ಇನ್ನಷ್ಟು ನೆರಳುಮನೆ, ಇನ್ನಷ್ಟು ತಂಪುಪೆಟ್ಟಿಗೆಗಳ ಮೇಲೆ ಹಣ ಸುರಿದು ಮುಂದುವರಿಸಬೇಕೇ, ಇಲ್ಲವೇ ಬೆಳೆಗಳನ್ನೇ ಬದಲಾಯಿಸಬೇಕೇ ಎಂಬುದು ನನ್ನ ಪ್ರಶ್ನೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಒಲೆಯ ಮುಂದೆ, ಪಣಜಿ

ನಾನು ಗೋಕಾಕದ ಕಡೆಯವನು, ಗೋವಾದ ಅಡುಗೆಮನೆಗಳಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೊಳ್ಳುವವನ ಕಡೆಯಿಂದ ಒಂದೆರಡು ಮಾತು.

ರೈತರು ನಮ್ಮ ಬಳಿ ಬಂದಾಗ ಮೊದಲು ರುಚಿಯ ವಿಷಯ ಮಾತನಾಡುತ್ತಾರೆ. ರುಚಿ ಮುಖ್ಯವೇ, ಆದರೆ ನಾನು ಹಣ ಕೊಡುವುದು ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಹತ್ತು ಗಂಟೆ ತಪ್ಪದಿರುವುದಕ್ಕೆ. ಆ ಹೊತ್ತಿಗೆ ಪೆಟ್ಟಿಗೆ ಬಂದಿರಬೇಕು, ಅದರಲ್ಲಿ ಹೇಳಿದ್ದು ಹೇಳಿದಷ್ಟು ಇರಬೇಕು, ಎಲೆಗಳು ಒಂದೇ ಅಳತೆಯಲ್ಲಿರಬೇಕು. ಅಂಗೈ ಅಗಲದ ರಾಕೆಟ್ ಎಲೆಯೂ ಬೆರಳುದ್ದದ ಎಲೆಯೂ ಒಂದೇ ಚೀಲದಲ್ಲಿ ಬಂದರೆ ನನ್ನ ಹುಡುಗ ಅರ್ಧ ಗಂಟೆ ಅದನ್ನು ಬೇರ್ಪಡಿಸುತ್ತ ಕೂರುತ್ತಾನೆ, ಆ ಅರ್ಧ ಗಂಟೆಯ ಕೂಲಿ ನಿಮ್ಮ ಸೊಪ್ಪಿನ ಬೆಲೆಗೆ ಸೇರುತ್ತದೆ. ಬೇರಿನ ಮಣ್ಣು ಹಾಗೆಯೇ ಇರುವುದು ತಾಜಾತನದ ಗುರುತೆಂದು ಕೆಲವರು ತಿಳಿದಿದ್ದಾರೆ. ಅದು ನಮ್ಮ ತೊಟ್ಟಿ ಕಟ್ಟಿಕೊಳ್ಳುವ ಗುರುತು.

ಇಲ್ಲದ್ದನ್ನು ಇಲ್ಲವೆಂದು ಮೊದಲೇ ಹೇಳಿದರೆ ನಮಗೆ ಬೇಸರವಿಲ್ಲ. ನನಗೆ ಬಹಳ ದಿನಗಳಿಂದ ಕೊಡುತ್ತಿರುವ ಒಬ್ಬ ರೈತರು ಪ್ರತಿ ಭಾನುವಾರ ಸಂಜೆ ಫೋನಿನಲ್ಲಿ ಒಂದು ಪಟ್ಟಿ ಕಳುಹಿಸುತ್ತಾರೆ: ಈ ವಾರ ಏನು ಎಷ್ಟಿದೆ, ಯಾವುದು ಮುಗಿಯುತ್ತ ಬಂದಿದೆ, ಮುಂದಿನ ವಾರ ಏನು ಶುರುವಾಗುತ್ತದೆ. ಆ ಪಟ್ಟಿ ನೋಡಿಯೇ ನಾನು ವಾರದ ವಿಶೇಷಗಳನ್ನು ಬರೆಯುತ್ತೇನೆ. ಅವರ ಮೂಲಂಗಿ ಮುಗಿದರೆ ನನ್ನ ಮೆನುವಿನಿಂದ ಅದು ಇಳಿಯುತ್ತದೆ, ಅವರ ಮೇಲೆ ಸಿಟ್ಟು ಬರುವುದಿಲ್ಲ. ಮಾರ್ಚಿನಲ್ಲಿ ಲೆಟ್ಯೂಸ್ ಇರುವುದಿಲ್ಲವೆಂದು ನೀವು ಜನವರಿಯಲ್ಲೇ ಹೇಳಿದ್ದರೆ ನಿಮ್ಮ ಗಿರಾಕಿಗಳು ಅದನ್ನು ಪುಣೆಯಿಂದಲೋ ಬೆಂಗಳೂರಿನಿಂದಲೋ ತರಿಸಿಕೊಂಡು, ನಿಮ್ಮಿಂದ ಬೇರೆ ಏನನ್ನಾದರೂ ಕೊಳ್ಳುತ್ತಿದ್ದರು.

ಇನ್ನು, ಎಲ್ಲರೂ ಕೊಡುವ ಎಲೆಯಲ್ಲಿ ನೀವು ದೊಡ್ಡ ಪಾಲಿಹೌಸ್‌ನವರ ಬೆಲೆಯ ಜೊತೆ ಗುದ್ದಾಡಬೇಕಾಗುತ್ತದೆ. ಅವರ ಬಳಿ ಶೀತಲ ವಾಹನ ಇದೆ, ನಿಮ್ಮ ಬಳಿ ಥರ್ಮಾಕೋಲ್ ಪೆಟ್ಟಿಗೆ ಇದೆ. ಅವರು ತರಲಾರದ್ದನ್ನು ನೀವು ತರಬೇಕು.

ಘಟಪ್ರಭಾ ದಂಡೆ, ಮುಧೋಳ

ನಮ್ಮದು ಕಬ್ಬಿನ ಊರು. ಕಾರ್ಖಾನೆಯ ಬಾಕಿಗಾಗಿ ಕಾಯುವುದು ನಮಗೆ ರಕ್ತದಲ್ಲೇ ಬಂದಿದೆ, ಆದ್ದರಿಂದ ಹೊಸ ಬೆಳೆಯ ಮಾತು ಕೇಳಿದರೆ ಮೊದಲು ಕೇಳುವುದು ಹಣದ ವಿಷಯವನ್ನೇ. ಈ ರೆಸ್ಟೋರೆಂಟಿನವರು ಎಷ್ಟು ದಿನಕ್ಕೆ ಹಣ ಕೊಡುತ್ತಾರೆ? ಹೂವಿನ ವಿಷಯಕ್ಕೆ ಬಂದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನೆನಪಾಯಿತು. ಈಗ ಜುಟ್ಟು ಬಿಟ್ಟು ತಟ್ಟೆಗೇ ಬಂದಿದೆ ಎನ್ನಿ.

ಮಸಾರಿ ಹೊಲ, ಖಾನಾಪುರ ತಾಲ್ಲೂಕು

ಮುಧೋಳದವರ ಗಾದೆಗೆ ನಮ್ಮ ಮನೆಯಲ್ಲಿಯೂ ಬೆಂಬಲವಿದೆ. ಹೂ ಕೊಡುವುದು ಬಹಳ ಕಡಿಮೆ, ಒಂದು ಮಡಿ ನಸ್ಟರ್ಷಿಯಮ್ ಇದೆ, ಅದರ ಎಲೆಗೂ ಹೂವಿಗೂ ಸಾಸಿವೆಯಂಥ ಖಾರ ಇರುವುದರಿಂದ ಕೇಳುತ್ತಾರೆ. ಕೀಳಲು ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿದರೆ ಉಳಿಯುವುದು ಅಷ್ಟರಲ್ಲೇ ಇದೆ.

ಹಣದ ವಿಷಯ ನಿಜಕ್ಕೂ ನೋವಿನದು. ಐದು ಗಿರಾಕಿಗಳಲ್ಲಿ ಮೂವರು ಹದಿನೈದು ದಿನಕ್ಕೊಮ್ಮೆ ಕೊಡುತ್ತಾರೆ. ಒಬ್ಬರು ತಿಂಗಳಿಗೊಮ್ಮೆ ಎಂದು ಹೇಳಿ ಎರಡೂವರೆ ತಿಂಗಳು ಎಳೆದರು. ನಡುವೆ ಅವರ ಶೆಫ್ ಕೆಲಸ ಬಿಟ್ಟುಹೋದರು, ಹೊಸದಾಗಿ ಬಂದವರು ಹಳೆಯ ಬಿಲ್ಲುಗಳು ತಮಗೆ ಸಂಬಂಧಿಸಿದ್ದಲ್ಲವೆಂಬಂತೆ ಮಾತನಾಡಿದರು. ಆ ಮೇಲಿಂದ ಶೆಫ್‌ನ ಬಾಯಿಮಾತಿನ ಜೊತೆಗೆ ಲೆಕ್ಕದ ವಿಭಾಗದವರ ಒಂದು ಸಂದೇಶವನ್ನೂ ಪಡೆಯುತ್ತೇನೆ, ಎರಡು ಬಿಲ್ಲು ಬಾಕಿ ಇದ್ದರೆ ಮೂರನೆಯ ಪೆಟ್ಟಿಗೆ ಕಳುಹಿಸುವುದಿಲ್ಲ.

ಇನ್ನೊಂದು ಚಿಕ್ಕ ವಿಷಯ ಹೊಸಬರಿಗೆ ಉಪಯೋಗವಾಗಬಹುದು. ಹೋಟೆಲಿನ ಲೆಕ್ಕಿಗರು ಜಿಎಸ್‌ಟಿ ಸಂಖ್ಯೆ ಕೇಳಿದಾಗ ನಾನು ಗಾಬರಿಯಾಗಿ ಒಂದು ತಿಂಗಳು ಓಡಾಡಿದೆ. ತಾಜಾ ತರಕಾರಿ ಮತ್ತು ಸೊಪ್ಪಿನ ಮೇಲೆ ಜಿಎಸ್‌ಟಿ ಇಲ್ಲ. ಅವನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಲ್ಲ. ದಿನಾಂಕ, ತೂಕ, ದರ ಬರೆದು ಸಹಿ ಹಾಕಿದ ಬಿಲ್ಲು ಸಾಕಾಯಿತು.

ಅರಭಾವಿಯಲ್ಲಿ ಓದಿದವಳು, ಬೈಲಹೊಂಗಲ

ಮೂಲ ಪ್ರಶ್ನೆಗೆ ಬರುವ ಮೊದಲು ಒಂದು ಅನುಮಾನವನ್ನು ಪರಿಹರಿಸಿಕೊಳ್ಳಬೇಕಾಗಿದೆ. ರಾಸಾಯನಿಕ ಬಳಸುವುದಿಲ್ಲ ಎಂದಿದ್ದೀರಿ, ಹಾಗಾದರೆ ಜೀವಾಮೃತವೆಂಬ ಸಗಣಿಯ ದ್ರವಗೊಬ್ಬರ ಬಳಸುತ್ತಿರಬಹುದು. ಹತ್ತು ಕೆ.ಜಿ. ಸಗಣಿ, ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, 200 ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಬದನೆಗೋ ಭತ್ತಕ್ಕೋ ಅದನ್ನು ಕೊಡುವುದು ಬೇರೆ, ಬೇಯಿಸದೆ ತಿನ್ನುವ ಲೆಟ್ಯೂಸ್ ಎಲೆಯ ಮೇಲೆ ಸಿಂಪಡಿಸುವುದು ಬೇರೆ. ಹಸಿ ಸಗಣಿಯಲ್ಲಿ ಈ-ಕೋಲೈನಂಥ ರೋಗಾಣುಗಳು ಇರಬಹುದು, ಅವು ಬೆಲ್ಲದ ನೀರಿನಲ್ಲಿ ಸಾಯುವುದಿಲ್ಲ. ಅಮೆರಿಕದ ಸಾವಯವ ನಿಯಮದ ಪ್ರಕಾರ ಹಸಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ 120 ದಿನ, ತಾಗದಿದ್ದರೆ 90 ದಿನ ಕೊಯ್ಲು ಮಾಡುವಂತಿಲ್ಲ. 45 ದಿನಕ್ಕೆ ಕೊಯ್ಯುವ ಸೊಪ್ಪಿಗೆ ಇದರ ಅರ್ಥವೇನೆಂದು ನೀವೇ ಊಹಿಸಿ. ಸಲಾಡ್ ಮಡಿಗಳಿಗೆ ಚೆನ್ನಾಗಿ ಕಾದು ಮಾಗಿದ ಕಾಂಪೋಸ್ಟ್ ಮತ್ತು ಎರೆಗೊಬ್ಬರವನ್ನು ಮಾತ್ರ ಕೊಡಿ. ಜೀವಾಮೃತವನ್ನು ಹಿಂದಿನ ಬೆಳೆಗೆ, ಅಂದರೆ ಮಳೆಗಾಲದ ಹಸಿರೆಲೆ ಗೊಬ್ಬರದ ಬೆಳೆಗೆ ಕೊಟ್ಟು ಮುಗಿಸಿ. ತೊಳೆಯುವ ನೀರು ತೆರೆದ ಬಾವಿಯದಾದರೆ ಅದನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಎರಡನೆಯದಾಗಿ, ಪೆಟ್ಟಿಗೆಯ ಮೇಲೆ ‘ಸಾವಯವ’ ಎಂದು ಬರೆಯುತ್ತಿದ್ದೀರಾ? 2017ರ ಆಹಾರ ಸುರಕ್ಷತಾ ನಿಯಮಗಳಂತೆ ಹಾಗೆ ಮಾರಲು ಪ್ರಮಾಣಪತ್ರ ಬೇಕು, ಸಣ್ಣ ರೈತರಿಗಿರುವ ವಿನಾಯಿತಿ ತಿನ್ನುವ ಗ್ರಾಹಕನಿಗೆ ನೇರವಾಗಿ ಮಾರುವಾಗಿನದು. ಕಂಪನಿಯ ಪ್ರಮಾಣಪತ್ರ ದುಬಾರಿ. ಆದರೆ ಪಿಜಿಎಸ್-ಇಂಡಿಯಾ ಎಂಬ ಪದ್ಧತಿಯಲ್ಲಿ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಬಹುದು. ಪರಿವರ್ತನೆಯ ಅವಧಿಯಲ್ಲಿ ‘ಗ್ರೀನ್’ ಗುರುತು ಸಿಗುತ್ತದೆ, ಪೂರ್ತಿಯಾದ ಮೇಲೆ ‘ಆರ್ಗ್ಯಾನಿಕ್’ ಗುರುತು. ಐದು ಜನ ಸಿಗುವವರೆಗೆ ‘ರಾಸಾಯನಿಕ ಬಳಸದೆ ಬೆಳೆದದ್ದು’ ಎಂದು ಶೆಫ್‌ಗೆ ಬಾಯಲ್ಲಿ ಹೇಳಿ, ಹೊಲಕ್ಕೆ ಕರೆದು ತೋರಿಸಿ.

ಮೂರನೆಯದು ತಂಪಿನ ವಿಷಯ. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಶೂನ್ಯಶಕ್ತಿ ಶೀತಕೋಣೆಯನ್ನು ಇಟ್ಟಿಗೆಯಲ್ಲಿ ಎರಡು ಗೋಡೆ ಕಟ್ಟಿ, ನಡುವಿನ 7.5 ಸೆಂ.ಮೀ. ಸಂದಿಗೆ ಮರಳು ತುಂಬಿ, ಬೆಳಿಗ್ಗೆ ಸಂಜೆ ನೀರು ಹಾಕಿದರೆ ಸಾಕು. ಹೊರಗಿನ ಬಿಸಿಲಿಗಿಂತ ಒಳಗೆ 10–15 ಡಿಗ್ರಿ ಕಡಿಮೆ ಇರುತ್ತದೆ. ಬೆಳಿಗ್ಗೆ ಕೊಯ್ದ ಬೇಸಿಲ್ ಮತ್ತು ಟೊಮ್ಯಾಟೊ ಇಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಅವಕ್ಕೆ ಫ್ರಿಜ್ಜಿನ ಚಳಿ ಆಗದು. ಆದರೆ ಇದು ಕೆಲಸ ಮಾಡುವುದು ನೀರು ಆವಿಯಾಗುವುದರಿಂದ. ಗಾಳಿ ಒಣಗಿದ್ದಷ್ಟೂ ಫಲ ಹೆಚ್ಚು. ಮುಧೋಳ, ವಿಜಯಪುರದವರಿಗೆ ಇದು ವರದಾನ. ಜಾಂಬೋಟಿಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ನಡೆಯುತ್ತದೆ, ಮಳೆಗಾಲದಲ್ಲಿ ಬರೀ ಒದ್ದೆ ಇಟ್ಟಿಗೆ.

ಒಲೆಯ ಮುಂದೆ, ಪಣಜಿ

ಸಗಣಿಯ ವಿಷಯವನ್ನು ಇಷ್ಟು ನೇರವಾಗಿ ಯಾರಾದರೂ ಹೇಳಿದ್ದಕ್ಕೆ ಕೃತಜ್ಞತೆ. ಯಾರಾದರೂ ಗಿರಾಕಿ ಹೊಟ್ಟೆನೋವೆಂದರೆ ಮೊದಲು ಸಿಕ್ಕಿಬೀಳುವುದು ಅಡುಗೆಮನೆ, ಆಮೇಲೆ ಸೊಪ್ಪು ಕೊಟ್ಟವರು. ಮೈಕ್ರೋಗ್ರೀನ್ ಮಾಡುವವರಿಗೂ ಒಂದು ಎಚ್ಚರಿಕೆ: ಒಬ್ಬ ಹುಡುಗ ಬೀಜದ ಅಂಗಡಿಯ ಸೂರ್ಯಕಾಂತಿ ಬೀಜ ಮೊಳೆಯಿಸಿ ತಂದಿದ್ದ, ಸಿಪ್ಪೆಯಲ್ಲಿ ಇನ್ನೂ ಗುಲಾಬಿ ಬಣ್ಣ ಇತ್ತು. ಅದು ಶಿಲೀಂಧ್ರನಾಶಕ ಲೇಪಿಸಿದ ಬಿತ್ತನೆ ಬೀಜ. ಹತ್ತೇ ದಿನಕ್ಕೆ ತಿನ್ನುವ ಮೊಳಕೆಗೆ ಅದನ್ನು ಬಳಸಲೇಬಾರದು.

ಎರಿ ಹೊಲ, ಬಸವನ ಬಾಗೇವಾಡಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲವನ್ನೂ ಓದಿದ ಮೇಲೆ ನನಗೆ ಅಚ್ಚರಿಯಾದದ್ದು ಒಂದೇ. ರಾಕೆಟ್ ಎಂಬ ಕಹಿ-ಖಾರದ ಹಸಿ ಸೊಪ್ಪಿಗಾಗಿ ಇಷ್ಟು ಪಾಡು ಪಡುತ್ತಿದ್ದೀರಿ, ಹಕ್ಕರಕಿಯ ಹೆಸರನ್ನು ಯಾರೂ ಎತ್ತಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಹಕ್ಕರಕಿಯನ್ನು ಬಿತ್ತುವವರಿಲ್ಲ. ಹಿಂಗಾರಿ ಜೋಳದ ಸಾಲುಗಳ ನಡುವೆ, ಬದುವಿನ ಅಂಚಿನಲ್ಲಿ ತಾನಾಗಿ ಹುಟ್ಟಿ ನೆಲಕ್ಕಂಟಿಕೊಂಡು ಹರಡುತ್ತದೆ. ಎಲೆಯ ಅಂಚು ಗರಗಸದಂತೆ ಕಚ್ಚುಕಚ್ಚಾಗಿರುತ್ತದೆ, ಮುರಿದರೆ ಹಾಲು ಒಸರುತ್ತದೆ. ಲೆಟ್ಯೂಸ್‌ನ ಕುಟುಂಬಕ್ಕೇ ಸೇರಿದ ಗಿಡ ಇದು, ಆ ಹಾಲೂ ಆ ನಸುಗಹಿಯೂ ಎರಡರಲ್ಲಿಯೂ ಒಂದೇ ಬಗೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಿ ಅಲ್ಲೇ ಊಟಕ್ಕೆ ಕುಳಿತಾಗ, ಅಲ್ಲೇ ಕಿತ್ತ ಹಕ್ಕರಕಿಯನ್ನು ತೊಳೆದು, ಮೇಲೆ ಉಪ್ಪು, ಗುರೆಳ್ಳಿನ ಹಿಂಡಿ, ಸ್ವಲ್ಪ ಹಸಿ ಎಣ್ಣೆ ಹಾಕಿಕೊಂಡು ಸಜ್ಜೆಯ ರೊಟ್ಟಿಯೊಂದಿಗೆ ತಿನ್ನುತ್ತೇವೆ. ಎಲೆಗೆ ಎಣ್ಣೆ, ಉಪ್ಪು, ಪುಡಿ ಮಾಡಿದ ಎಣ್ಣೆಕಾಳು. ಇದನ್ನೇ ದೊಡ್ಡ ತಟ್ಟೆಯಲ್ಲಿ ಇಟ್ಟರೆ ಸಲಾಡ್ ಎನ್ನುತ್ತೀರಿ.

ಅದೊಂದೇ ಅಲ್ಲ. ಮುಳ್ಳು ಬಲಿಯುವ ಮೊದಲಿನ ಕುಸುಬಿಯ ಎಳೆ ತಪ್ಪಲು, ಎಳೆ ಮೆಂತ್ಯ, ಉಳ್ಳಾಗಡ್ಡಿಯ ತಪ್ಪಲು ಎಲ್ಲವನ್ನೂ ನಾವು ಹಸಿಯಾಗಿಯೇ ತಿನ್ನುವವರು. ಡಿಸೆಂಬರ್, ಜನವರಿಯಲ್ಲಿ ಜೋಳದ ತೆನೆ ಹಾಲುಗಾಳು ದಾಟಿ ಇನ್ನೂ ಮೆತ್ತಗಿರುವಾಗ ಕೆಂಡದಲ್ಲಿ ಸುಟ್ಟು, ಬಿಸಿ ಆರುವ ಮೊದಲೇ ಉಜ್ಜಿ ಕಾಳು ಬಿಡಿಸಿದರೆ ಅದು ಸೀತನಿ. ಆ ಹದ ಒಂದು ಹೊಲದಲ್ಲಿ ಒಂದು ವಾರ ಇದ್ದರೆ ಹೆಚ್ಚು. ಬೇರೆಬೇರೆ ದಿನ ಬಿತ್ತಿದ ಮೂರು ತಾಕುಗಳಿದ್ದರೆ ಒಂದು ತಿಂಗಳು ಎಳೆಯಬಹುದು. ಗೋವಾದ ಶೆಫ್‌ಗಳಿಗೆ ಅದನ್ನು ಯಾರಾದರೂ ತೋರಿಸಿದ್ದಾರೆಯೇ?

ಒಲೆಯ ಮುಂದೆ, ಪಣಜಿ

ಹಕ್ಕರಕಿಯ ಹೆಸರು ಓದಿ ನನಗೇ ನಾಚಿಕೆಯಾಯಿತು. ಅವ್ವ ಬುತ್ತಿಯಲ್ಲಿ ಕಟ್ಟಿಕೊಡುತ್ತಿದ್ದ ಸೊಪ್ಪನ್ನು ನಾನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ತಟ್ಟೆಗೆ ಹಾಕಿಲ್ಲ. ಆದರೆ ಕೊಳ್ಳುವವನಾಗಿ ಕೇಳಲೇಬೇಕಾದದ್ದನ್ನು ಕೇಳುತ್ತೇನೆ. ಕಳೆಯಂತೆ ಹುಟ್ಟುವ ಗಿಡವನ್ನು ವಾರಕ್ಕೆರಡು ಬಾರಿ, ಒಂದೇ ಅಳತೆಯಲ್ಲಿ, ಹತ್ತು ವಾರ ಕೊಡಲು ಸಾಧ್ಯವೇ? ಬಾಡದೆ ಎಷ್ಟು ಹೊತ್ತು ತಾಳುತ್ತದೆ? ಸೀತನಿಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಸುಟ್ಟು ಬಿಡಿಸಿದ ಕಾಳು ತಣ್ಣಗಾದರೆ ಅರ್ಧ ರುಚಿ ಹೋಗುತ್ತದೆ, ಆದ್ದರಿಂದ ತೆನೆಯನ್ನೇ ಕಳುಹಿಸಿ, ಸುಡುವುದು ನನ್ನ ಕೆಲಸ.

ಎರಿ ಹೊಲ, ಬಸವನ ಬಾಗೇವಾಡಿ

ನಾವು ಕಿತ್ತ ತಕ್ಷಣ ಒದ್ದೆ ಬಟ್ಟೆಯಲ್ಲಿ ಸುತ್ತಿ ಸಂತೆಗೆ ಒಯ್ಯುತ್ತೇವೆ, ಸಂಜೆಯವರೆಗೆ ಗರಿಗರಿಯಾಗಿರುತ್ತದೆ. ಬುಡಸಮೇತ ಕಿತ್ತರೆ ಇನ್ನೂ ಹೆಚ್ಚು ತಾಳುತ್ತದೆ. ಮಡಿಯಲ್ಲಿ ಬಿತ್ತಿ ನೋಡಿದ ಅನುಭವ ನನಗಿಲ್ಲ. ಬೀಜ ಹಿಡಿಯುವುದೇ ಒಂದು ಕಷ್ಟ: ಹಳದಿ ಹೂ ಬಾಡಿದ ಮೇಲೆ ಕಾಳಿಗೆ ಬಿಳಿ ಕೂದಲು ಮೂಡಿ ಗಾಳಿ ಬೀಸಿದರೆ ಹಾರಿಹೋಗುತ್ತದೆ. ಬೆಳಗಿನ ಇಬ್ಬನಿ ಆರುವ ಮೊದಲು ಹೋಗಿ, ಬಿಳಿ ಕುಚ್ಚು ಇಣುಕಿದ ಮೊಗ್ಗುಗಳನ್ನಷ್ಟೇ ಚಿವುಟಿ ಕಾಗದದ ಚೀಲಕ್ಕೆ ಹಾಕಬೇಕು.

ಅರಭಾವಿಯಲ್ಲಿ ಓದಿದವಳು, ಬೈಲಹೊಂಗಲ

ಕಪ್ಪು ಎರೆಯಲ್ಲಿ ಒಗ್ಗಿದ ಗಿಡ ಜಾಂಬೋಟಿಯ ಹುಳಿ ಮಣ್ಣಿನಲ್ಲಿ ಹೇಗೆ ಬರುತ್ತದೆಂದು ಮೊದಲು ಒಂದೇ ಮಡಿಯಲ್ಲಿ ನೋಡಿ. ಬೀಜ ಸಣ್ಣದು, ಮಣ್ಣಿನಾಳಕ್ಕೆ ಹೋಗದಂತೆ ಮರಳಿನೊಂದಿಗೆ ಬೆರೆಸಿ ಮೇಲುಮೇಲೆ ಚೆಲ್ಲಿ. ಬಾರದಿದ್ದರೆ ವಿಜಯಪುರದವರೇ ಬೆಳೆದು, ನೀವು ಕೂಡಿಸಿ ಸಾಗಿಸುವ ದಾರಿಯೂ ಇದೆ.

ಮಸಾರಿ ಹೊಲ, ಖಾನಾಪುರ ತಾಲ್ಲೂಕು

ಎಲ್ಲರಿಗೂ ಧನ್ಯವಾದಗಳು. ನೆರಳುಮನೆಗೆಂದು ಇಟ್ಟಿದ್ದ ಹಣವನ್ನು ಸದ್ಯಕ್ಕೆ ಮುಟ್ಟುವುದಿಲ್ಲವೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಲೆಟ್ಯೂಸ್ ಡಿಸೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ ಎಂದು ಐದೂ ಗಿರಾಕಿಗಳಿಗೆ ಬರೆದು ತಿಳಿಸಿದ್ದೇನೆ. ಒಬ್ಬರು ಬೇಡವೆಂದರು, ನಾಲ್ವರು ಸರಿ ಎಂದರು. ಬೇಸಿಲ್ ಮತ್ತು ಟೊಮ್ಯಾಟೊ ಇರುತ್ತವೆ, ಅವಕ್ಕಾಗಿ ಇಟ್ಟಿಗೆಯ ಶೀತಕೋಣೆ ಕಟ್ಟಲು ಗೌಂಡಿಗೆ ಹೇಳಿದ್ದಾಗಿದೆ. ಮಾರ್ಚಿನ ಪೆಟ್ಟಿಗೆಗೆ ನಮ್ಮದೇ ಗೆಣಸಿನ ಬಳ್ಳಿಯ ಎಳೆ ತುದಿಗಳನ್ನು ಸೇರಿಸುತ್ತಿದ್ದೇನೆ. ಅವನ್ನು ದನಕ್ಕೆ ಹಾಕುತ್ತಿದ್ದೆವು, ಕಳೆದ ವಾರ ಬಾಡಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ ತಿಂದು ನೋಡಿದೆವು, ತಂದೆಯವರು ಎರಡನೆಯ ಬಾರಿ ಬಡಿಸಿಕೊಂಡರು.

ಜೀವಾಮೃತದ ವಿಷಯದಲ್ಲಿ ನನ್ನದು ತಪ್ಪೇ. ಎಲೆಯ ಮೇಲೆ ಸಿಂಪಡಿಸುತ್ತಿರಲಿಲ್ಲ, ಆದರೆ ಬುಡಕ್ಕೆ ಹದಿನೈದು ದಿನಕ್ಕೊಮ್ಮೆ ಕೊಡುತ್ತಿದ್ದೆ. ಅದು ನಿಂತಿತು.

ಹಕ್ಕರಕಿಗಾಗಿ ನೀರು ನಿಲ್ಲದ ಮೇಲಿನ ತಾಕಿನಲ್ಲಿ ಮೂರು ಮಡಿ ಬಿಟ್ಟಿದ್ದೇನೆ. ಬಾಗೇವಾಡಿಯವರು ಚೀಲ ತುಂಬುವಷ್ಟು ಬೀಜ ಹಿಡಿದರೆ ಬಸ್ಸಿನ ಪಾರ್ಸೆಲ್‌ನಲ್ಲಿ ಬೆಳಗಾವಿಗೆ ಹಾಕಿ, ನಿಲ್ದಾಣಕ್ಕೆ ಬಂದು ಇಳಿಸಿಕೊಳ್ಳುತ್ತೇನೆ. ಅದರ ಜೊತೆ ಹತ್ತು ಬುಡಗಳನ್ನು ಎರೆಮಣ್ಣಿನ ಹೆಂಟೆಸಮೇತ ಕಿತ್ತು ಕಳುಹಿಸಲಾದರೆ, ಬೀಜ ಮೊಳೆಯದಿದ್ದರೂ ಆ ಹತ್ತು ಗಿಡಗಳ ಬಿಳಿ ಕುಚ್ಚಿಗಾಗಿ ಮುಂಜಾನೆ ನಾನೇ ಕಾದು ಕೂರುತ್ತೇನೆ.